ರೇಖಾ ಎಸೆದ ಚೆಂಡು

ಆ ದಿನಗಳಲ್ಲಿ ನನಗೆ ಮೂರು ವಯಸ್ಸುಗಳಿದ್ದವು. ಒಂದು ನಿಜದ್ದು, ಒಂದು ಸ್ಕೂಲಿನದು, ಒಂದು ಬಸ್ಸಿನದು. ಯಾರು ಕೇಳಿದರೆ ಯಾವುದನ್ನು ಹೇಳಬೇಕೆಂದು ಅಮ್ಮ ಕಲಿಸಿದ್ದಳು. ಕಂಡಕ್ಟರ್ ಕೇಳಿದರೆ ಹನ್ನೊಂದು. ಅಕ್ಕಪಕ್ಕದ ಮನೆಯವರು, ಅಂಗಡಿಯವರು, ದೇವಸ್ಥಾನದಲ್ಲಿ ಸಿಗುವ ಆಂಟಿಯರು ಕೇಳಿದರೆ ನಿಜದ್ದು. ಕನ್ನಡಕ ಹಾಕಿಕೊಂಡು, ಹೆಗಲಿಗೆ ಬ್ಯಾಗು ತಗುಲಿಸಿಕೊಂಡು, ಟೀಚರ್ ಥರ ಕಾಣುವ ಯಾರೇ ಕೇಳಲಿ, ಸ್ಕೂಲಿನದು. ಇದನ್ನು ಓದುತ್ತಿರುವ ಎಷ್ಟೋ ಜನರ ಮನೆಯಲ್ಲೂ ಈ ಪಾಠ ನಡೆದಿರಬೇಕು. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಜೂನ್ ತಿಂಗಳ ಮೊದಲ ವಾರದಲ್ಲೇ ಹುಟ್ಟಿದವರು. ಜೂನ್‌ನಲ್ಲಿ ಯಾರ ಮನೆಯಲ್ಲೂ ಪಾಯಸ ಮಾತ್ರ ಆಗುತ್ತಿರಲಿಲ್ಲ.

ನನ್ನದು ಸ್ವಲ್ಪ ಅತಿಯಾಗಿತ್ತು. ಅಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದಾಗ ನನ್ನನ್ನು ಹಗಲು ಹೊತ್ತು ನೋಡಿಕೊಳ್ಳುವವರು ಇರಲಿಲ್ಲ. ನಾಲ್ಕೂವರೆ ವರ್ಷದ ನನ್ನನ್ನು ಅಪ್ಪ ಪಕ್ಕದ ಬಡಾವಣೆ ಶ್ರೀನಗರದ ಒಂದು ಸ್ಕೂಲಿಗೆ ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ, ಆರು ತುಂಬಿದೆ ಎಂದು ಒಂದನೇ ಕ್ಲಾಸಿಗೆ ಬರೆಸಿದರು. ಬಾಗಿಲಿನ ಹೊರಗೆ ಕೆಳಗಿಳಿಸಿ, ‘ಒಳಗೆ ಮಾತ್ರ ನೀನೇ ನಡ್ಕೊಂಡ್ ಬಾ’ ಅಂದರಂತೆ. ಅಕ್ಷರ ತಿದ್ದಲು ಬಾರದೆ ಒಂದನೇ ಕ್ಲಾಸಿನಲ್ಲೇ ಎರಡು ವರ್ಷ ಕೂತೆ. ಹೀಗೆ ನಾನು ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ, ರಿಜಿಸ್ಟರಿನಲ್ಲಿ ಎಲ್ಲರಿಗಿಂತ ದೊಡ್ಡವಳು.

ಎಂಟನೇ ಕ್ಲಾಸಿನ ಒಂದು ಸೀಸನ್ನಿನ ಬಗ್ಗೆ ಹೇಳಬೇಕು. ಆ ಸೀಸನ್ ನಾನು ಸಾಫ್ಟ್‌ಬಾಲ್ ಪಿಚರ್ ಆಗಿದ್ದೆ.

ಹೆಸರಿನಲ್ಲಿ ಸಾಫ್ಟ್ ಇದ್ದರೂ ಆ ಚೆಂಡು ದೊಡ್ಡ ದಾಳಿಂಬೆಯ ಗಾತ್ರದ್ದು, ಕಲ್ಲಿನಷ್ಟು ಗಟ್ಟಿ. ಪಿಚರ್ ಆದವಳು ಮೈದಾನದ ನಡುವೆ ನಿಂತು, ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಕ್ಯಾಚರ್ ಅದನ್ನು ಹಿಡಿಯಬೇಕು. ಕ್ರಿಕೆಟ್ ಹುಡುಗರು ನಮ್ಮನ್ನು ನೋಡಿ ‘ಏನ್ ಗುರು, ಬಾವಿಯಿಂದ ನೀರು ಸೇದ್ತಾವ್ರೆ’ ಎಂದು ನಗುತ್ತಿದ್ದರು.

ಕೈ ಕೆಳಗಿನಿಂದ ಎಸೆಯುವುದು ನನಗೆ ಮೊದಲೇ ಬರುತ್ತಿತ್ತು. ಕತ್ರಿಗುಪ್ಪೆಯಲ್ಲಿ ನಮ್ಮದು ಕೆಳಗಿನ ಬಾಡಿಗೆ ಮನೆ. ಎರಡನೇ ಮಹಡಿಯಲ್ಲಿದ್ದ ಓನರ್ ಆಂಟಿಗೆ ಮಂಡಿ ನೋವು. ಕೊತ್ತಂಬರಿ ಕಟ್ಟು, ಬೇಕರಿಯ ಬನ್ನು, ಮಾತ್ರೆ, ಏನು ತರಿಸಿದರೂ ಆಕೆ ಬಾಲ್ಕನಿಯಿಂದ ಸೆರಗೊಡ್ಡಿ, ‘ಅಲ್ಲಿಂದಲೇ ಎಸೀ ಪುಟ್ಟಾ’ ಅನ್ನುತ್ತಿದ್ದರು. ಬನ್ನು ಒಂದು ಥರ ಹೋಗುತ್ತದೆ, ಸೊಪ್ಪು ಇನ್ನೊಂದು ಥರ. ಸೆರಗು ತಪ್ಪಿದರೆ ಚರಂಡಿಗೆ ಬೀಳುತ್ತಿತ್ತು, ಅಮ್ಮನ ಕೈಯಿಂದ ನನಗೂ ಬೀಳುತ್ತಿತ್ತು. ಸ್ಕೂಲಿನ ಪಿಟಿ ಸಾರ್ ಮೊದಲ ದಿನ ಎಲ್ಲರಿಗೂ ಚೆಂಡು ಕೊಟ್ಟು ಎಸೆಸಿದಾಗ ನನ್ನದು ನೆಟ್ಟಗೆ ಕ್ಯಾಚರ್ ಪ್ರಮೀಳಾಳ ಗ್ಲೌಸಿಗೆ ಹೋಗಿ ಕೂತಿತು. ಸಾರ್ ಬಾಯಲ್ಲಿದ್ದ ವಿಷಲ್ ತೆಗೆದರು.

‘ಎಲ್ಲಿ ಕಲಿತೆ ಇದನ್ನ?’

‘ಮನೇಲಿ ಸಾರ್. ಕೊತ್ತಂಬರಿ ಸೊಪ್ಪು ಸಾರ್.’

ಎಲ್ಲರೂ ನಕ್ಕರು. ಸಾರ್ ನಗಲಿಲ್ಲ. ಇನ್ನೊಮ್ಮೆ ಎಸೆಯಲು ಹೇಳಿದರು.

ಪ್ರಮೀಳಾ ನನ್ನ ಕ್ಲಾಸಿನವಳು, ಟೀಮಿನ ಕ್ಯಾಚರ್. ಅಗಲ ಭುಜ, ದಪ್ಪ ಜಡೆ, ಮಾತಿಗೊಂದು ಬೈಗುಳ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಾವಿಬ್ಬರೇ ಸ್ಕೂಲಿನ ಹಿಂದಿನ ಮೈದಾನದಲ್ಲಿ ಇರುತ್ತಿದ್ದೆವು. ಚರ್ಮದ ಗ್ಲೌಸು ಬಿರಿಯಬಾರದೆಂದು ಅವಳು ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಅದೇ ಕೈಯಲ್ಲಿ ನನ್ನ ಕೆನ್ನೆ ಹಿಂಡುತ್ತಿದ್ದಳು. ಈಗಲೂ ಹಳೇ ಚಪ್ಪಲಿ ಅಂಗಡಿಯ ಮುಂದೆ ಹೋದರೆ ನನಗೆ ಬೆಳಗಾದ ಹಾಗೆ ಅನಿಸುತ್ತದೆ.

ಆ ಮೈದಾನದಲ್ಲೇ ನನಗೆ ಡ್ರಾಪ್ ಬಾಲ್ ಸಿಕ್ಕಿತು. ಚೆಂಡಿನ ಹೊಲಿಗೆಯ ಮೇಲೆ ಬೆರಳಿಟ್ಟು, ಬಿಡುವಾಗ ತುದಿಯಿಂದ ಒಂದಿಷ್ಟು ಎಳೆದರೆ, ಎದೆಯ ಮಟ್ಟಕ್ಕೆ ಬರುತ್ತಿದ್ದ ಚೆಂಡು ಬ್ಯಾಟಿನ ಹತ್ತಿರ ಬಂದು ಮಂಡಿಗೆ ಬೀಳುತ್ತದೆ. ಮೊದಲ ಸಲ ಅದು ಹಾಗೆ ಬಿದ್ದಾಗ ಪ್ರಮೀಳಾಳ ಎಡಗೈ ಹೆಬ್ಬೆರಳು ಉಳುಕಿತು. ಅವಳು ಬೆರಳು ಬಾಯಲ್ಲಿಟ್ಟುಕೊಂಡೇ ಹೇಳಿದಳು: ‘ಏನೇ ಇದು ಲೌಡಿ, ಮೆಟ್ಲು ಇಳ್ದಂಗೆ ಇಳೀತದೆ. ಇನ್ನೊಂದು ಹಾಕು.’

ಆಗಸ್ಟಿನಲ್ಲಿ ಸ್ಕೂಲುಗಳ ನಡುವಿನ ಪಂದ್ಯಗಳು. ಟೀಮಿನ ಹೆಸರು ಕಳಿಸುವ ಮುಂಚೆ ಪಿಟಿ ಸಾರ್ ನನ್ನನ್ನು ಸ್ಟಾಫ್ ರೂಮಿನ ವರಾಂಡಕ್ಕೆ ಕರೆದರು.

‘ಮಂಜುಳಾ, ಹದಿನಾಲ್ಕರ ಒಳಗಿನವರ ಟೀಮಿದು. ನಿಂದು ಏಜು ದಾಟೋಗಿದೆ ಕಣಮ್ಮ.’

‘ಸಾರ್, ಅದು ಸ್ಕೂಲ್ ಏಜು. ನನಗೆ ಹನ್ನೆರಡೂವರೆ ಸಾರ್.’

‘ಸ್ಕೂಲಿನೋರು ಸ್ಕೂಲ್ ಏಜೇ ಅಲ್ವೇನಮ್ಮ ನೋಡೋದು?’ ಸಾರ್ ಗೋಡೆಗೆ ಒರಗಿದರು. ‘ರೇಖಾ ಹೆಸರಲ್ಲಿ ಆಡು. ಅವಳಿಗೆ ಬಾಲ್ ಕಂಡ್ರೇ ಭಯ. ಗ್ರೌಂಡಿಗೆ ಇಳಿದ್ರೆ ನೀನು ರೇಖಾ. ಮುಂದಿನ ವರ್ಷ ದೊಡ್ಡೋರ ಟೀಮು ಇದೆಯಲ್ಲ, ಅಲ್ಲಿ ನಿನ್ನ ಹೆಸರಲ್ಲೇ ಆಡಿಸ್ತೀನಿ. ನಾನಿದೀನಿ, ಹೆದರ್ಬೇಡ.’

ನಾನು ಹೆದರಲಿಲ್ಲ. ಮನೆಯಲ್ಲಿ ಮೂರು ವಯಸ್ಸು ಇಟ್ಟುಕೊಂಡವಳಿಗೆ ಎರಡು ಹೆಸರು ಏನು ಭಾರ?

ರೇಖಾ ಏಳನೇ ಕ್ಲಾಸಿನ ಹುಡುಗಿ, ಮೆತ್ತಗಿನವಳು, ಟೀಮಿನ ಜೊತೆ ಇರುವುದೇ ಅವಳಿಗೆ ಖುಷಿ. ಸ್ಟೀಲ್ ಕೆಟಲಿನಲ್ಲಿ ನಿಂಬೆಹಣ್ಣಿನ ಪಾನಕ ಹೊತ್ತು ತರುವುದು ಅವಳ ಕೆಲಸ. ಅಂದಿನಿಂದ ಮೈದಾನದಲ್ಲಿ ಅವಳಿಗೆ ಹೆಸರೇ ಇಲ್ಲವಾಯಿತು. ‘ಏ ನೀರು’ ಅಂದರೆ ಬರುತ್ತಿದ್ದಳು. ಅಪ್ಪಿತಪ್ಪಿ ನನ್ನನ್ನು ಮಂಜುಳಾ ಎಂದು ಕರೆದವರು ಮೈದಾನವನ್ನು ಒಂದು ಸುತ್ತು ಓಡಬೇಕೆಂದು ಸಾರ್ ಕಟ್ಟಪ್ಪಣೆ ಮಾಡಿದರು. ಪ್ರಮೀಳಾ ಮೊದಲ ದಿನವೇ ಸಾಕಾಗುವಷ್ಟು ಓಡಿದಳು. ಆಮೇಲೆ ಹಠ ಹಿಡಿದು, ಕ್ಲಾಸಿನಲ್ಲೂ, ಬೇಕರಿಯಲ್ಲೂ, ರಸ್ತೆಯ ಆ ಬದಿಯಿಂದಲೂ ರೇಖಾ, ರೇಖಾ ಎಂದೇ ಕೂಗಿದಳು. ‘ಬಾಯಿಗೆ ಅಭ್ಯಾಸ ಆಗ್ಲಿ ಬಿಡೇ’ ಅನ್ನುತ್ತಿದ್ದಳು. ಫಾರ್ಮಿಗೆ ಅಂಟಿಸಿದ್ದ ರೇಖಾಳ ಫೋಟೋ ಜೆರಾಕ್ಸಿನಲ್ಲಿ ಎಷ್ಟು ಕಪ್ಪಾಗಿತ್ತೆಂದರೆ ಅದು ಪಿಟಿ ಸಾರ್ ಕೂಡ ಆಗಬಹುದಿತ್ತು.

ಎಷ್ಟು ಪಂದ್ಯ ಗೆದ್ದೆವು? ಮೂರೋ ನಾಲ್ಕೋ. ಬೇಕಾದಷ್ಟು ಚಂದವಾಗಿ ಹೇಳಬಲ್ಲೆ, ಆದರೆ ಹಾಗೆ ಚಂದವಾಗಿ ಬರುವುದನ್ನು ನಾನು ನಂಬುವುದಿಲ್ಲ. ನಂಬುವುದು ಚೂರುಪಾರನ್ನು. ಪ್ರಮೀಳಾ ಮಂಡಿಗಳ ನಡುವೆ ಬೆರಳು ತೋರಿಸುವಳು: ಒಂದು ಬೆರಳೆಂದರೆ ನೇರ, ಎರಡೆಂದರೆ ಡ್ರಾಪ್. ಎರಡು ತೋರಿಸುವಾಗ ಹಲ್ಲು ಕಚ್ಚುವಳು, ಏಕೆಂದರೆ ಅದು ಅವಳ ಹೆಬ್ಬೆರಳಿಗೆ ಬೀಳುತ್ತಿತ್ತು. ಬ್ಯಾಟು ಹಿಡಿದ ಹುಡುಗಿ ಚೆಂಡು ಇದ್ದ ಕಡೆ ಬೀಸಿ, ಅದು ಅಲ್ಲಿಲ್ಲದ್ದಕ್ಕೆ ಅಂಪೈರ್ ಕಡೆ ತಿರುಗಿ ನೋಡುವಳು, ಅವರೇ ಕದ್ದರೇನೋ ಎಂಬಂತೆ. ಗೆದ್ದ ಸಂಜೆ ಸಾರ್ ದಿಲ್‌ಪಸಂದ್ ಕೊಡಿಸುವರು, ಬೆರಳಿಗೆ ಅಂಟಿದ ಕೊಬ್ಬರಿಯ ಜೊತೆ ಮೈದಾನದ ಮಣ್ಣೂ ಹಲ್ಲಿಗೆ ಸಿಗುವುದು. ‘ರೇಖಾ, ನಿನ್ನ ಕೈ ಬಂಗಾರ ಕಣಮ್ಮ’ ಅನ್ನುವರು. ನಾನು ತಿರುಗಿ ನೋಡದೆ ‘ಥ್ಯಾಂಕ್ಯೂ ಸಾರ್’ ಅನ್ನುವುದನ್ನು ಕಲಿತೆ.

ಫೈನಲ್ ಜಯನಗರದ ಒಂದು ಮೈದಾನದಲ್ಲಿ, ಭಾನುವಾರ. ಗೆದ್ದರೆ ಜಿಲ್ಲೆಯ ಟೀಮಿಗೆ ನಮ್ಮ ಪಿಚರೇ ಹೋಗುತ್ತಾಳೆ ಎಂದು ಸಾರ್ ಹೇಳಿದ್ದರು. ಇಲ್ಲಿ ನನ್ನ ನೆನಪು ಒಂದು ತುಂತುರು ಮಳೆ ತರಲು ನೋಡುತ್ತದೆ. ಬೇಡ. ಅಂದು ಚೆಂಡು ನೆಲಕ್ಕೆ ಬಿದ್ದಾಗ ಧೂಳು ಎದ್ದದ್ದು ನನಗೆ ಗೊತ್ತಿದೆ. ಮಳೆ ಆಮೇಲೆ ಯಾವಾಗಲೋ ನನ್ನ ಮೇಲಿನ ಕನಿಕರಕ್ಕೆ ಬಂದು ಸೇರಿಕೊಂಡದ್ದು.

ಗಾರ್ಮೆಂಟ್ಸಿಗೆ ರಜೆ ಇದ್ದುದರಿಂದ ಅಮ್ಮ ಮೊದಲ ಸಲ ನನ್ನ ಆಟ ನೋಡಲು ಬಂದಳು. ಹಸಿರು ಸೀರೆ, ಮಲ್ಲಿಗೆ, ಡಬ್ಬಿಯಲ್ಲಿ ಚಿತ್ರಾನ್ನ. ಹೆಸರಿನ ವಿಷಯ ಅವಳಿಗೆ ಮನೆಯಲ್ಲೇ ಹೇಳಿದ್ದೆ. ‘ಬಾಯ್ತಪ್ಪಿ ಮಂಜೂ ಅಂದ್ಬಿಟ್ರೆ ಕೆಟ್ಟೆ’ ಎಂದು ಅವಳೇ ಹೆದರಿ, ಕಲ್ಲಿನ ಮೆಟ್ಟಿಲ ಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ಕೂತಿದ್ದಳು. ನಾನು ಒಬ್ಬೊಬ್ಬರನ್ನೇ ಔಟ್ ಮಾಡಿದಾಗಲೂ ಕೂಗಲಿಲ್ಲ, ಕೈ ಮಾತ್ರ ಮಡಿಲಲ್ಲಿ ಸದ್ದಿಲ್ಲದೆ ತಟ್ಟುತ್ತಿದ್ದಳು.

ಅರ್ಧ ಆಟ ಮುಗಿದು ನಾವು ಮುಂದಿದ್ದೆವು. ಎದುರಿನ ಸ್ಕೂಲಿನ ಮೇಡಂ ಒಬ್ಬರು ಬಂದು ಅಮ್ಮನ ಪಕ್ಕ ಕೂತರು. ಕನ್ನಡಕ, ಹೆಗಲಿಗೆ ಬ್ಯಾಗು. ಅವರು ಮಾತಾಡಿದ್ದನ್ನು ಅಮ್ಮ ಆಮೇಲೆ ಅಪ್ಪನಿಗೆ ಹೇಳಿದಳು, ಅದರಲ್ಲಿ ಒಂದು ಮಾತೂ ಬದಲಾಗದೆ ನಮ್ಮ ಮನೆಯಲ್ಲಿ ಉಳಿದಿದೆ.

‘ಅಲ್ಲಿ ಬಾಲ್ ಹಾಕ್ತಿದಾಳಲ್ಲ, ನಿಮ್ಮ ಮಗಳಾ?’

‘ಹೂಂ ಮೇಡಂ.’

‘ಎಷ್ಟು ಚೆನ್ನಾಗಿ ಹಾಕ್ತಾಳ್ರೀ. ಏನು ಹೆಸರು?’

‘ರೇಖಾ ಮೇಡಂ.’ ಅಮ್ಮ ತಪ್ಪಲಿಲ್ಲ.

‘ಎಷ್ಟು ವಯಸ್ಸು?’

ಕನ್ನಡಕ, ಬ್ಯಾಗು, ಟೀಚರ್ ಮಾತು. ಅಮ್ಮ ಎಂಟು ವರ್ಷದಿಂದ ಕಾಪಾಡಿಕೊಂಡು ಬಂದ ಉತ್ತರವನ್ನು ಕೊಟ್ಟಳು. ‘ಹದಿನಾಲ್ಕು ತುಂಬಿ ಮೂರು ತಿಂಗಳಾಯ್ತು ಮೇಡಂ.’

ನಿಜ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ನಿಜದಲ್ಲಿ ನಾನು ಆ ಮೈದಾನದಲ್ಲಿದ್ದ ಎಲ್ಲರಿಗಿಂತ ಚಿಕ್ಕವಳಿದ್ದೆ.

ಆಟ ನಿಂತಿತು. ಮೇಡಂ, ಅಂಪೈರ್, ಪಿಟಿ ಸಾರ್ ಎಲ್ಲರೂ ನಾನು ನಿಂತಲ್ಲಿಗೇ ಬಂದರು. ಅಮ್ಮನನ್ನೂ ಕರೆದರು. ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು, ಗುಡಿಯೊಳಗೆ ಬಂದ ಹಾಗೆ ಬರಿಗಾಲಲ್ಲಿ ಬಂದಳು. ಅಂಪೈರ್ ನರೆಗೂದಲಿನ, ಹಳೇ ಆಟಗಾರರಂತಿದ್ದ ಮನುಷ್ಯ. ಫಾರ್ಮು ನೋಡಿ ಕೇಳಿದರು: ‘ಇದರಲ್ಲಿ ರೇಖಾಗೆ ಹದಿಮೂರು. ತಾಯಿ ಹದಿನಾಲ್ಕು ದಾಟಿದೆ ಅಂತಿದಾರೆ. ಇವಳು ಯಾರು ಮಾಸ್ಟ್ರೇ?’

ಪಿಟಿ ಸಾರ್ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಸೇರಿಸಿಕೊಂಡದ್ದಲ್ಲ. ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತರನ್ನು ನೋಡುವ ನೋಟ.

‘ಗೊತ್ತಿಲ್ಲ ಸಾರ್. ರೇಖಾ ಅಂತಾನೇ ಬಂದು ನಿಂತಿದಾಳೆ. ನನಗೂ ಮೋಸ ಮಾಡಿದಾಳೆ ಈ ಹುಡುಗಿ.’

ಅಂಪೈರ್‌ಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅವರು ಅಮ್ಮನನ್ನು ಕೇಳಿದರು: ‘ಹೆದರ್ಬೇಡಿಯಮ್ಮ. ನಿಜವಾಗಿ ಎಷ್ಟು ವಯಸ್ಸು ಮಗೂಗೆ?’

ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಹನ್ನೆರಡೂವರೆ ಅಂದರೆ ಸಾಕಿತ್ತು. ಆದರೆ ಹಾಗಂದರೆ ಸ್ಕೂಲಿನಲ್ಲಿ ಬರೆಸಿದ್ದು ಸುಳ್ಳಾಗುತ್ತದೆ, ಸ್ಕೂಲಿನವರು ನನ್ನ ಹೆಸರು ತೆಗೆದುಬಿಡುತ್ತಾರೆ ಎಂಬ ಭಯ ಅವಳಿಗೆ. ಅವಳು ಪಿಟಿ ಸಾರ್ ಕಡೆ ನೋಡಿದಳು, ಸಾರ್ ನೆಲ ನೋಡಿದರು.

‘ಹದಿನಾಲ್ಕೇ ಸಾರ್’ ಅಂದಳು ಅಮ್ಮ.

ಈಗ ಕೇಳಿದರೆ ಅಮ್ಮ ಒಪ್ಪುವುದಿಲ್ಲ. ಮೆಟ್ಟಿಲ ಮೇಲಿನ ಮಾತನ್ನು ನಗುತ್ತ ಒಪ್ಪುತ್ತಾಳೆ, ಈ ಎರಡನೆಯದನ್ನು ಇಲ್ಲವೇ ಇಲ್ಲ ಅನ್ನುತ್ತಾಳೆ. ‘ನಾನು ನಿಜ ಹೇಳ್ದೆ ಕಣೇ, ಆಯಪ್ಪನೇ ಕೇಳಿಸ್ಕೊಳ್ಲಿಲ್ಲ.’ ಇರಬಹುದೇ? ಅಂಪೈರ್‌ನ ಆಚೆ ಯಾರದೋ ವಿಷಲ್ ಕೇಳುತ್ತಿತ್ತು. ನನ್ನ ಕಿವಿ ಆಗ ಬಿಸಿಯಾಗಿತ್ತು. ಎಷ್ಟು ಸಲ ಈ ಜಾಗಕ್ಕೆ ಬಂದರೂ ಅಮ್ಮನ ತುಟಿ ಅಲ್ಲಾಡುವುದು ಕಾಣುತ್ತದೆ, ಬರುವ ಮಾತು ಮಾತ್ರ ಅದೇ.

ಕೊನೆಗೆ ಪ್ರಮೀಳಾ ಉಳಿದಳು. ಅವಳು ಮುಖಕ್ಕೆ ಹಾಕಿಕೊಂಡಿದ್ದ ಕಂಬಿಯ ಮಾಸ್ಕನ್ನು ತಲೆಯ ಮೇಲಕ್ಕೆ ಸರಿಸಿ ನಿಂತಿದ್ದಳು. ಅಂಪೈರ್ ಕೇಳಿದರು: ‘ನೀನು ದಿನಾ ಇವಳ ಬಾಲ್ ಹಿಡೀತೀಯಲ್ಲಮ್ಮ. ಹೇಳು, ಮಾಸ್ಟ್ರಿಗೆ ಗೊತ್ತಿರಲಿಲ್ವಾ?’

ಪ್ರಮೀಳಾ ಹೆಬ್ಬೆರಳು ಉಜ್ಜಿಕೊಂಡಳು. ‘ಸಾರ್ ಹೇಳಿದ್ದೇ ಸರಿ ಸಾರ್.’

ಅಂಪೈರ್‌ಗೂ ಮನೆಗೆ ಹೋಗಬೇಕಿತ್ತೇನೋ. ಗೆದ್ದ ಪಂದ್ಯಗಳ ಗೋಜಿಗೆ ಹೋಗುವುದು ಬೇಡ, ಮೋಸ ಮಾಡಿದವಳು ಹೊರಗೆ, ನಿಜವಾದ ರೇಖಾ ಒಳಗೆ, ಆಟ ಮುಂದುವರಿಯಲಿ ಎಂದು ತೀರ್ಮಾನವಾಯಿತು. ಟೀಮಿನ ಶರ್ಟುಗಳು ಎಣಿಸಿದಷ್ಟೇ ಇದ್ದವು. ಬಚ್ಚಲುಕೋಣೆಯಲ್ಲಿ ನಾನೂ ರೇಖಾಳೂ ಗೋಡೆಯ ಕಡೆ ತಿರುಗಿ ಶರ್ಟು ಬದಲಾಯಿಸಿಕೊಂಡೆವು.

‘ಒದ್ದೆ ಆಗಿದೆ ಕಣೇ’ ಅಂದಳು ರೇಖಾ. ಅವಳೂ ಅಳುತ್ತಿದ್ದಳು.

‘ಬೆವರು.’

‘ನಂಗೆ ಭಯ ಆಗ್ತಿದೆ ಮಂಜುಳಕ್ಕ.’

ಎಷ್ಟೋ ದಿನಗಳ ಮೇಲೆ ನನ್ನ ಹೆಸರು ಕೇಳಿದ್ದು ಆ ಬಚ್ಚಲುಕೋಣೆಯಲ್ಲಿ. ನಾನು ಅವಳ ಯೂನಿಫಾರ್ಮಿನ ಗುಂಡಿ ಹಾಕಿಕೊಂಡು, ಕೆಟಲ್ ಎತ್ತಿಕೊಂಡು ಹೊರಗೆ ಬಂದೆ. ರೇಖಾಳನ್ನು ಚೆಂಡು ಬಾರದ ಮೂಲೆಗೆ ನಿಲ್ಲಿಸಿ, ಬೇರೆ ಯಾರೋ ಪಿಚ್ ಮಾಡಿದರು. ಬಾಯಾರಿದವರಿಗೆ ಪಾನಕ ಕೊಟ್ಟೆ. ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡಿದ್ದಳು. ಕಂಡಕ್ಟರ್ ಬಂದ.

‘ಒಂದು ಫುಲ್, ಒಂದು ಹಾಫ್ ಕೊಡಪ್ಪ.’

‘ಎಷ್ಟು ವಯಸ್ಸಮ್ಮ ಹುಡ್ಗಿಗೆ?’

‘ಹನ್ನೊಂದು’ ಅಂದಳು ಅಮ್ಮ, ಅದೇ ಬಾಯಲ್ಲಿ, ಅಷ್ಟೇ ಭಕ್ತಿಯಿಂದ.

ಸೋಮವಾರ ಪ್ರಾರ್ಥನೆಯಲ್ಲಿ ಎರಡನೇ ಸ್ಥಾನ ಬಂದದ್ದಕ್ಕೆ ಟೀಮಿನ ಹೆಸರುಗಳನ್ನು ಓದಿದರು. ಪಿಚರ್, ರೇಖಾ. ಚಪ್ಪಾಳೆ. ಏಳನೇ ಕ್ಲಾಸಿನ ಸಾಲಿನಿಂದ ರೇಖಾ ತಲೆ ತಗ್ಗಿಸಿಕೊಂಡು ಹೋಗಿ ಸರ್ಟಿಫಿಕೇಟ್ ತೆಗೆದುಕೊಂಡಳು. ಮುಂದಿನ ವರ್ಷ ದೊಡ್ಡವರ ಟೀಮು ಕಟ್ಟುವಾಗ ನಾನೇ ಪಿಟಿ ಸಾರ್ ಹತ್ತಿರ ಹೋದೆ. ‘ಒಂದು ಸಲ ಹೆಸರು ಕೆಟ್ಟರೆ ಕಷ್ಟ ಕಣಮ್ಮ’ ಅಂದರು, ಬೇಸರದಿಂದಲೇ. ಯಾರ ಹೆಸರು ಸಾರ್ ಎಂದು ಕೇಳುವಷ್ಟು ಬಾಯಿ ನನಗೆ ಆಗ ಇರಲಿಲ್ಲ. ಪ್ರಮೀಳಾ ಆ ವರ್ಷ ಬೇರೆಯವಳ ಚೆಂಡು ಹಿಡಿದಳು. ನಮ್ಮಿಬ್ಬರ ನಡುವೆ ಜಗಳವೇನೂ ಆಗಲಿಲ್ಲ. ಬೇಕರಿಗೆ ಒಟ್ಟಿಗೇ ಹೋಗುತ್ತಿದ್ದೆವು, ಅವಳು ಮತ್ತೆ ಮಂಜುಳಾ ಅನ್ನುತ್ತಿದ್ದಳು. ನನಗೇ ಒಂದು ಕ್ಷಣ ತಡವಾಗಿ ತಿಳಿಯುತ್ತಿತ್ತು.

ಸ್ಕೂಲಿನ ಹಿಂದಿನ ಆ ಮೈದಾನಕ್ಕೆ ಈಗ ಬಲೆ ಹಾಕಿದ್ದಾರೆ, ರಾತ್ರಿ ಆಡಲು ದೀಪ ಬಂದಿದೆ, ಗಂಟೆಗಿಷ್ಟು ಎಂದು ಬೋರ್ಡು ತೂಗುಹಾಕಿದ್ದಾರೆ. ಅದನ್ನೆಲ್ಲ ಕಳೆದುಕೊಂಡದ್ದರ ಪಟ್ಟಿಗೆ ಸೇರಿಸಿ ನಿಟ್ಟುಸಿರು ಬಿಡಬಹುದಿತ್ತು, ಮೊನ್ನೆ ಸ್ಕೂಲಿನ ಹಳೇ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿಗೆ ಆ ಫೋಟೋ ಬರದೇ ಇದ್ದಿದ್ದರೆ.

ರೇಖಾ ಈಗ ಒಂದು ಸ್ಕೂಲಿನಲ್ಲಿ ಪಿಟಿ ಟೀಚರ್. ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟು ಸಿಕ್ಕಿತ್ತು ಎಂದು ಮೊದಲೇ ಕೇಳಿದ್ದೆ. ಅವಳಿಗೆ ನಮ್ಮ ಸ್ಕೂಲು ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನ ಮಾಡಿತ್ತು. ಕೆಳಗೆ ಪ್ರಮೀಳಾ ಬರೆದಿದ್ದಳು: ‘ರೇಖಾ ಹಾಕ್ತಿದ್ದ ಡ್ರಾಪ್ ಬಾಲ್ ಮರೆಯೋಕಾಗುತ್ತಾ? ನನ್ನ ಹೆಬ್ಬೆರಳೇ ಸಾಕ್ಷಿ.’ ರೇಖಾ ಅದಕ್ಕೆ ಕೈ ಮುಗಿದ ಚಿತ್ರ ಹಾಕಿದ್ದಳು. ಅವಳದು ನಾಚಿಕೆಯೋ, ಕೃತಜ್ಞತೆಯೋ, ನನಗೆ ತಿಳಿಯಲಿಲ್ಲ. ಪ್ರಮೀಳಾಳದು ಏನೆಂದು ತಿಳಿಯಲೇಬೇಕಿತ್ತು. ಅವಳೀಗ ಪುಟ್ಟೇನಹಳ್ಳಿಯಲ್ಲಿದ್ದಾಳೆ. ಫೋನ್ ಮಾಡಿದೆ.

‘ಏನೇ ಇದು, ರೇಖಾ ಡ್ರಾಪ್ ಬಾಲು ಅಂತ ಬರ್ದಿದೀಯ?’

‘ಹೂಂ ಮತ್ತೆ? ಪಾಪ, ಒಳ್ಳೇ ಹುಡುಗಿ. ಇಷ್ಟು ವರ್ಷಕ್ಕಾದ್ರೂ ಕರ್ದು ಶಾಲು ಹಾಕಿದ್ರಲ್ಲ.’

‘ಪಮ್ಮೀ, ಪಿಚ್ ಮಾಡ್ತಿದ್ದದ್ದು ನಾನು.’

ಅವಳ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದ ಸದ್ದು ಕೇಳಿಸಿತು. ಆಮೇಲೆ ನಗು, ಕೆನ್ನೆ ಹಿಂಡುವ ಹಳೇ ನಗು.

‘ಹೋಗೇ. ನೀನು ಪಾನಕದ ಕೆಟಲ್ ಹಿಡ್ಕೊಂಡು ನಿಂತಿರೋದು ನನ್ನ ಕಣ್ಣಿಗೆ ಕಟ್ಟಿದಂಗಿದೆ.’

‘ಅದು ಫೈನಲ್ ದಿನ ಮಾತ್ರ. ಸಾರ್ ನನ್ನನ್ನ ಅವಳ ಹೆಸರಲ್ಲಿ ಆಡ್ಸಿದ್ರು. ನೀನೇ ಅಂಪೈರ್ ಹತ್ರ ಸುಳ್ಳು ಹೇಳ್ದೆ.’

‘ಹೆಸರಿಂದು ಏನೋ ಗಲಾಟೆ ಆಗಿತ್ತು, ನಿಜ.’ ಅವಳು ಯೋಚಿಸಿದಳು, ಪ್ರಾಮಾಣಿಕವಾಗಿಯೇ. ‘ಆದ್ರೆ ಬೆಳಿಗ್ಗೆ ಎದ್ರೆ ರೇಖಾ ರೇಖಾ ಅಂತ ಕೂಗಿ ಬಾಲ್ ಹಾಕಿಸ್ಕೊಂಡಿದ್ದು ನನ್ನ ಬಾಯೇ ಕಣೇ. ಬಾಯಿಗೆ ಗೊತ್ತಿರಲ್ವಾ?’

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹೇಳುತ್ತಿದ್ದರೆ ಒಳ್ಳೆಯದಿತ್ತು. ಪಿಟಿ ಸಾರ್ ಸುಳ್ಳು ಹೇಳಿದಾಗ ಅವರೊಳಗೆ ಎಲ್ಲೋ ಮಂಜುಳಾ ಎಂಬುವಳು ಉಳಿದಿದ್ದಳು, ಅಮ್ಮ ಹದಿನಾಲ್ಕು ಅಂದಾಗ ಅವಳ ಎದೆಯಲ್ಲಿ ಹನ್ನೆರಡೂವರೆ ಇತ್ತು. ಇಷ್ಟು ವರ್ಷ ನಾನು ಮೋಸವೆಂದು ಕರೆದುಕೊಂಡು ಬಂದದ್ದರಲ್ಲಿ ನನ್ನದೊಂದು ಜಾಗವಾದರೂ ಇತ್ತು.

ಪಿಚರ್ ಆದವಳಿಗೆ ತನ್ನ ಚೆಂಡು ಕಾಣುವುದು ಹಿಂದಿನಿಂದ ಮಾತ್ರ. ಅದು ಎದುರಿಗೆ ಹೇಗೆ ಬರುತ್ತದೆ, ಎಲ್ಲಿ ಬೀಳುತ್ತದೆ ಎನ್ನುವುದು ಹಿಡಿಯುವವಳಿಗೆ ಗೊತ್ತು. ನನ್ನ ಚೆಂಡನ್ನು ಪೂರ್ತಿ ನೋಡಿದವಳು ಪ್ರಮೀಳಾ ಒಬ್ಬಳೇ.

‘ಹೇಗೆ ಬರ್ತಿತ್ತೇ ಅದು?’ ಎಂದು ಕೇಳಿದೆ.

ಪ್ರಮೀಳಾ ಒಲೆ ಆರಿಸಿದಳು. ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ಅವಳು ತುಂಬ ಹೊತ್ತು ಹೇಳಿದಳು. ಕೈಯಿಂದ ಬಿಡುವಾಗ ಚೆಂಡಿನ ಹೊಲಿಗೆ ಹೇಗೆ ಕೆಂಪು ಚುಕ್ಕಿಯ ಥರ ತಿರುಗುತ್ತಿತ್ತು, ಎದೆಗೇ ಬಂತು ಅನ್ನುವಾಗ ಹೇಗೆ ಉಸಿರು ಬಿಟ್ಟ ಹಾಗೆ ಕೆಳಗಿಳಿಯುತ್ತಿತ್ತು, ಚಳಿಗಾಲದಲ್ಲಿ ಈಗಲೂ ಹೆಬ್ಬೆರಳು ನೋಯುವಾಗ ಅವಳಿಗೆ ಹೇಗೆ ಆ ಹುಡುಗಿಯ ಮೇಲೆ ಪ್ರೀತಿ ಉಕ್ಕುತ್ತದೆ. ಅಂಥ ಕೈ ಆಮೇಲೆ ಯಾರಿಗೂ ಬರಲಿಲ್ಲ ಅಂದಳು.

‘ಎಷ್ಟು ಹೇಳಿದ್ರೂ ನಿಂಗೆ ಗೊತ್ತಾಗಲ್ಲ ಬಿಡು ಮಂಜೂ’ ಅಂದಳು ಕೊನೆಗೆ. ‘ಆ ಬಾಲಿಗೆ ನೀನು ಯಾವತ್ತೂ ಎದುರು ನಿಂತೋಳೇ ಅಲ್ಲ.’

ಅದೊಂದು ಮಾತು ಮಾತ್ರ ನಿಜ.